ನಲವತ್ತು ಕ್ಯಾಸೆಟ್‌ಗಳಲ್ಲಿ ನಾನು ಹೇಳಿದ ಸಾಕ್ಷಿ

ಗಂಟನ್ನು ಮೊದಲು ಕಂಡವಳು ನನ್ನ ಹೆಂಡತಿ ಸುನಂದಾ. ಒಂದು ಶನಿವಾರ ಬೆಳಿಗ್ಗೆ, ನಾನು ಕೆಲಸಕ್ಕೆ ಹೊರಡುವ ಮುನ್ನ, ಚಹಾ ತಂದಿಟ್ಟು, ಕುಳಿತುಕೊಳ್ಳದೆ ನಿಂತೇ ಹೇಳಿದಳು.

"ಎಡಗಡೆ ಎದೆಯಲ್ಲಿ ಒಂದು ಗಂಟು ಉಂಟು ಮಾರಾಯ್ರೆ. ಕಡಲೆಕಾಳಿನಷ್ಟು. ನೋವಿಲ್ಲ."

"ನೋವಿಲ್ಲದಿದ್ದರೆ ಒಳ್ಳೆಯದಲ್ಲವೇ?" ಎಂದೆ.

ಅವಳು ನರ್ಸ್. ನನ್ನ ಮುಖವನ್ನು ಒಮ್ಮೆ ನೋಡಿದಳು.

"ನೋವಿಲ್ಲದ ಗಂಟೇ ಒಳ್ಳೆಯದಲ್ಲ" ಎಂದಳು.

ಕೊಲ್ಲಿ ಯುದ್ಧ ಮುಗಿದ ಮರುವರ್ಷದ ಮಾತಿದು. ನಾವಿದ್ದದ್ದು ಮಸ್ಕತ್ತಿನ ವಾದಿ ಅದಾಯ್‌ನಲ್ಲಿ. ನಾನು ಕಟ್ಟಡ ಕಂಪನಿಯೊಂದರ ಸ್ಟೋರ್ ಕೀಪರ್. ಇಪ್ಪತ್ತು ವರ್ಷಗಳ ನನ್ನ ಸ್ಟಾಕ್ ಪುಸ್ತಕದಲ್ಲಿ ಇಲ್ಲದ ಒಂದು ಬೋಲ್ಟನ್ನು ಇದೆ ಎಂದು ನಾನು ಬರೆದದ್ದಿಲ್ಲ. ಇದನ್ನು ಹೆಮ್ಮೆಗಾಗಿ ಹೇಳುತ್ತಿಲ್ಲ. ಮುಂದೆ ಬರುವ ಮಾತಿಗೆ ಇದು ಬೇಕಾಗುತ್ತದೆ.

ನಮ್ಮದು ಉಡುಪಿಯ ಕಡೆಯ ಪ್ರೊಟೆಸ್ಟೆಂಟ್ ಕುಟುಂಬ. ಕನ್ನಡದಲ್ಲೇ ಪ್ರಾರ್ಥಿಸಿ ಬೆಳೆದವರು. ಮದುವೆಯಾದ ಹತ್ತು ವರ್ಷಗಳ ಬಳಿಕ, ಎಂಬತ್ತರ ದಶಕದ ಆರಂಭದಲ್ಲಿ, ನಾನು ಮಸ್ಕತ್ತಿನ ಕೆಲಸ ಬಿಟ್ಟು ಅವಳೊಂದಿಗೆ ಟಾಂಜಾನಿಯಾದ ಒಂದು ಹಳ್ಳಿಗೆ ಮಿಷನ್ ಸೇವೆಗೆ ಹೋದೆ. ಹೋಗಬೇಕೆಂದು ಕರೆ ಬಂದದ್ದು ಅವಳಿಗೆ. ನಾನು ಜೊತೆಗೆ ಹೋದವನು. ಅಲ್ಲಿ ತಗಡಿನ ಮಾಡಿನ ಒಂದು ಔಷಧಾಲಯ. ಅವಳು ಹೆರಿಗೆ ಮಾಡಿಸುತ್ತಿದ್ದಳು, ಗಾಯ ತೊಳೆಯುತ್ತಿದ್ದಳು. ನಾನು ಔಷಧಿ ದಾಸ್ತಾನು ನೋಡಿಕೊಂಡು ಭಾನುವಾರ ಪ್ರಾರ್ಥನೆ ನಡೆಸುತ್ತಿದ್ದೆ. ಮೂರು ವರ್ಷ ಇದ್ದೆವು. ನಾಲ್ಕು ಸಲ ಮಲೇರಿಯಾ ಬಂದ ಮೇಲೆ ನನ್ನ ಶರೀರ ಸೋತಿತು. ಅವಳಿಗೆ ಇಷ್ಟವಿರಲಿಲ್ಲ, ನನ್ನ ಸಲುವಾಗಿ ಹಿಂದಿರುಗಿದಳು. ಹಳೆಯ ಕಂಪನಿ ನನ್ನನ್ನು ಮತ್ತೆ ತೆಗೆದುಕೊಂಡಿತು.

ಆ ಹಳ್ಳಿಯ ಹೆಂಗಸರು ಮೊದಲು ಮಂತ್ರವೈದ್ಯನ ಬಳಿ ಹೋಗಿ, ಬೂದಿ ಹಚ್ಚಿಸಿಕೊಂಡು, ತಾಯಿತ ಕಟ್ಟಿಸಿಕೊಂಡು, ಎಲ್ಲ ಕೈಮೀರಿದ ಮೇಲೆ ಔಷಧಾಲಯಕ್ಕೆ ಬರುತ್ತಿದ್ದರು. ಸುನಂದಾ ಪ್ರತಿಯೊಬ್ಬಳನ್ನೂ ಸ್ವಾಹಿಲಿಯಲ್ಲಿ ಒಂದೇ ಮಾತು ಕೇಳುತ್ತಿದ್ದಳು: "ಮ್ಬೋನಾ ಉಮೆಚೆಲೆವಾ?" ಯಾಕೆ ಇಷ್ಟು ತಡ ಮಾಡಿದೆ? ಗದರಿಸಿಯೇ ಕೇಳುತ್ತಿದ್ದಳು. ಬಳಿಕ ಹಿತ್ತಲಿಗೆ ಹೋಗಿ ಅಳುತ್ತಿದ್ದಳು.

ಅಲ್ಲಿ ಬದುಕುಳಿದ ಒಬ್ಬ ಬಾಣಂತಿ ಕರಿಮರದ ಒಂದು ಗೊಂಬೆ ಕೊಟ್ಟಿದ್ದಳು. ಬೆನ್ನಿಗೆ ಮಗು ಕಟ್ಟಿಕೊಂಡ ತಾಯಿ, ಗೇಣುದ್ದದ್ದು. ನಮಗೆ ಮಕ್ಕಳಿಲ್ಲ. ಆ ಗೊಂಬೆ ವಾದಿ ಅದಾಯ್‌ನ ಮನೆಯ ಶೋಕೇಸಿನಲ್ಲಿತ್ತು.

ಗಂಟು ತಿಳಿದ ವಾರದಲ್ಲೇ ಆಸ್ಪತ್ರೆಗೆ ಹೋದೆವು. ಸುಡಾನ್ ದೇಶದ ಲೇಡಿ ಡಾಕ್ಟರ್ ಪರೀಕ್ಷಿಸಿದರು. ಬಯಾಪ್ಸಿ ಆಗಬೇಕು ಎಂದರು. ಮೂರು ವಾರಗಳ ಬಳಿಕದ ಒಂದು ಮಂಗಳವಾರಕ್ಕೆ ಅಪಾಯಿಂಟ್‌ಮೆಂಟ್ ಕಾರ್ಡ್ ಕೊಟ್ಟರು. ತಿಳಿ ಹಳದಿ ಬಣ್ಣದ ಕಾರ್ಡ್. ಆ ಕಾರ್ಡ್ ಈಗಲೂ ನನ್ನ ಬಳಿ ಇದೆ.

ಈ ಮೂರು ವಾರಗಳ ನಡುವೆ ನಮ್ಮ ಪ್ರಾರ್ಥನಾಕೂಟದ ಉಪವಾಸ ಪ್ರಾರ್ಥನೆ ಬಂತು.

ಕೂಟದ ವಿಷಯವನ್ನು ನಾನು ಸ್ಪಷ್ಟವಾಗಿ ಬರೆಯಬೇಕು. ಶುಕ್ರವಾರ ರಜೆಯಾದ್ದರಿಂದ ಇಲ್ಲಿ ನಮ್ಮ ಭಾನುವಾರದ ಆರಾಧನೆ ಶುಕ್ರವಾರವೇ ನಡೆಯುತ್ತದೆ. ಚರ್ಚ್ ಆವರಣದ ಒಂದು ಹಾಲ್‌ನಲ್ಲಿ ಕನ್ನಡದವರು ಅರವತ್ತು ಮಂದಿ ಸೇರುತ್ತಿದ್ದೆವು. ಮುಂದಾಳು ಬ್ರದರ್ ಡೇನಿಯಲ್. ಕಾರ್ ಶೋರೂಮಿನಲ್ಲಿ ಅಕೌಂಟೆಂಟ್. ನನಗಿಂತ ಹದಿನಾಲ್ಕು ವರ್ಷ ಕಿರಿಯ. ಆಫ್ರಿಕಾದಿಂದ ಹಿಂದಿರುಗಿದ ಮೊದಲ ಶುಕ್ರವಾರ ಆತ ನನ್ನನ್ನು ಎಲ್ಲರೆದುರು ಕೇಳಿದ, "ಬ್ರದರ್, ಮೂರು ವರ್ಷದಲ್ಲಿ ಎಷ್ಟು ಆತ್ಮಗಳನ್ನು ಕರ್ತನ ಹತ್ತಿರ ತಂದಿರಿ?" ಲೆಕ್ಕ ನನಗೆ ಸರಿಯಾಗಿ ಗೊತ್ತಿತ್ತು. "ನಾಲ್ಕು" ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಯಾರೆಂದೂ ನನಗೆ ಗೊತ್ತು. ಡೇನಿಯಲ್ ನಗಲಿಲ್ಲ; ಆದರೆ "ಸ್ತೋತ್ರ" ಎಂದು ಹೇಳಿ ಬೇಗ ಮುಂದಿನ ಹಾಡಿಗೆ ಹೋದ. ಸುನಂದಾ ಕೈಯಾರೆ ಹೆರಿಗೆ ಮಾಡಿಸಿದ ಇನ್ನೂರಕ್ಕೂ ಮಿಕ್ಕಿದ ಮಕ್ಕಳ ಬಗ್ಗೆ ಯಾರೂ ಕೇಳಲಿಲ್ಲ. ಆ ಬಳಿಕ ಎಂಟು ವರ್ಷ ಆ ಕೂಟದಲ್ಲಿ ಚಾಪೆ ಹಾಸಿದವನು ನಾನು, ಹಾಡಿನ ಪುಸ್ತಕ ಹಂಚಿದವನು ನಾನು. ತಿಂಗಳಿಗೆ ಎರಡು ಶುಕ್ರವಾರ, ಆರಾಧನೆ ಮುಗಿಸಿ, ರುಸ್ತಾಕ್‌ನ ಲೇಬರ್ ಕ್ಯಾಂಪಿಗೆ ಹೋಗಿ ಅಲ್ಲಿದ್ದ ನಮ್ಮವರ ಜೊತೆ ಪ್ರಾರ್ಥಿಸಿ ಬರುತ್ತಿದ್ದವರು ನಾವಿಬ್ಬರು. ಮೈಕ್ ಮಾತ್ರ ಒಂದು ದಿನವೂ ನನ್ನ ಕೈಗೆ ಬರಲಿಲ್ಲ.

ಉಪವಾಸ ಪ್ರಾರ್ಥನೆ ಮೂರು ದಿನ. ಮೊದಲ ದಿನ ಡೇನಿಯಲ್ ಗಂಟಿನ ವಿಷಯ ತಿಳಿದು ನಮ್ಮ ಮನೆಗೆ ಬಂದು ಸುನಂದಾಳ ಹಣೆಗೆ ಎಣ್ಣೆ ಹಚ್ಚಿ ಪ್ರಾರ್ಥಿಸಿದ. ಹೊರಡುವಾಗ ಶೋಕೇಸಿನ ಮುಂದೆ ನಿಂತ.

"ಇದೆಂತ ಬ್ರದರ್, ವಿಗ್ರಹವಾ?"

"ಗೊಂಬೆ. ಟಾಂಜಾನಿಯಾದ್ದು."

"ಅಲ್ಲಿ ಮಾಟಮಂತ್ರದವರು ಜಾಸ್ತಿ ಅಲ್ವಾ? ಮನೆಯಲ್ಲಿ ಇಂಥದ್ದೆಲ್ಲ ಇಟ್ಟುಕೊಂಡು ಗುಣ ಕೇಳುವುದು ಹೇಗೆ?"

"ಒಬ್ಬಳು ಬಾಣಂತಿ ಕೊಟ್ಟದ್ದು, ಬ್ರದರ್" ಎಂದಳು ಸುನಂದಾ. "ಮಾಟ ಮಾಡುವಷ್ಟು ಪುರುಸೊತ್ತು ಅವಳಿಗೆ ಇರಲಿಲ್ಲ. ಅವಳಿ ಮಕ್ಕಳು."

ಡೇನಿಯಲ್ ನನ್ನನ್ನು ನೋಡಿದ. ಆತ ಹೋದ ಮೇಲೆ ಗೊಂಬೆಯನ್ನು ಪತ್ರಿಕೆಯಲ್ಲಿ ಸುತ್ತಿ ಕೆಳಗಿನ ಕಸದ ಡ್ರಮ್ಮಿಗೆ ಹಾಕಿದವನು ನಾನು. ಸುನಂದಾ ಅಡುಗೆಮನೆಯಲ್ಲಿದ್ದಳು. ಶೋಕೇಸಿನಲ್ಲಿ ಉಳಿದ ದುಂಡನೆಯ ಧೂಳಿನ ಗುರುತನ್ನು ಮರುದಿನ ಒರೆಸಿದಳು.

ಮೂರನೆಯ ದಿನ ಶುಕ್ರವಾರ. ಬೆಳಿಗ್ಗೆ ಸೀರೆ ಉಡುತ್ತಾ ಅವಳು ಹೇಳಿದ್ದನ್ನು ಅಕ್ಷರಶಃ ಬರೆಯುತ್ತೇನೆ: "ಇವತ್ತು ಸ್ವಲ್ಪ ಸಣ್ಣ ಆದ ಹಾಗೆ ಕಾಣ್ತದೆ. ನನಗೇ ಹಾಗೆ ಅನಿಸುವುದೋ ಏನೋ."

ಇಷ್ಟೇ ಅವಳು ಹೇಳಿದ್ದು.

ಆರಾಧನೆಯ ಕೊನೆಯಲ್ಲಿ ಡೇನಿಯಲ್, "ಗುಣ ಹೊಂದಿದವರು ಯಾರಾದರೂ ಇದ್ದರೆ ಸಾಕ್ಷಿ ಹೇಳಿ" ಎಂದ. ಮೂರು ದಿನ ಹಸಿದಿದ್ದ ಅರವತ್ತು ಮಂದಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಡೇನಿಯಲ್ ನನ್ನ ಬಳಿ ಬಂದು, ಎಂಟು ವರ್ಷಗಳಲ್ಲಿ ಮೊದಲ ಬಾರಿಗೆ, ಮೈಕನ್ನು ನನ್ನ ಕೈಯಲ್ಲಿಟ್ಟ.

"ಕರ್ತನು ನನ್ನ ಹೆಂಡತಿಯನ್ನು ಮುಟ್ಟಿದ್ದಾನೆ. ಗಂಟು ಇಲ್ಲದೇ ಹೋಯಿತು" ಎಂದೆ.

ಹಾಲ್ ತುಂಬ "ಸ್ತೋತ್ರ" ಎಂಬ ಕೂಗು ಎದ್ದಿತು. ಹಿಂದಿನ ಸಾಲಿನಲ್ಲಿ ಅಂದು ನಕ್ಕಿದ್ದವನು ಕಣ್ಣೊರೆಸಿಕೊಳ್ಳುತ್ತಿದ್ದ. ನಾನು ಹನ್ನೊಂದು ನಿಮಿಷ ಮಾತನಾಡಿದೆ. ಆಫ್ರಿಕಾದ ಬಗ್ಗೆಯೂ ಹೇಳಿದೆ. ಹೆಂಗಸರ ಸಾಲಿನಲ್ಲಿ ಸುನಂದಾ ತಲೆಗೆ ಸೆರಗು ಹೊದ್ದು, ನೆಲ ನೋಡುತ್ತಾ ಕುಳಿತಿದ್ದಳು. ಪ್ರಾರ್ಥಿಸುತ್ತಿದ್ದಾಳೆ ಎಂದುಕೊಂಡೆ.

ಮನೆಗೆ ಬಂದ ಮೇಲೆ ಕೇಳಿದಳು, "ಹಾಗಾದರೆ ಮಂಗಳವಾರ?"

"ಸಭೆಯ ಮುಂದೆ ಹೇಳಿ ಆಗಿದೆ" ಎಂದೆ.

ನಮ್ಮವರಲ್ಲದವರಿಗೆ ಈ ಉತ್ತರ ಅರ್ಥವಾಗಲಿಕ್ಕಿಲ್ಲ. ಸಾಕ್ಷಿ ಹೇಳಿದವನು ಮತ್ತೆ ಅದೇ ಕಾಯಿಲೆಗೆ ಆಸ್ಪತ್ರೆಯ ಬಾಗಿಲು ತಟ್ಟಿದರೆ, ಒಂದೋ ದೇವರು ಸುಳ್ಳಾಗಬೇಕು, ಇಲ್ಲ ಆತ ಸುಳ್ಳಾಗಬೇಕು. ಹಾಗೆಂದು ಎಲ್ಲಿಯೂ ಬರೆದಿಟ್ಟಿಲ್ಲ. ಆದರೆ ಕೂಟದ ಒಬ್ಬೊಬ್ಬರಿಗೂ ಗೊತ್ತಿರುವ ಕ್ರಮ. ಸುನಂದಾ ಹಳದಿ ಕಾರ್ಡನ್ನು ತನ್ನ ಬೈಬಲಿನೊಳಗೆ ಇಟ್ಟಳು. ಮಂಗಳವಾರ ಮೀನು ಸಾರು ಮಾಡಿದಳು.

ಡೇನಿಯಲ್ ಅಂದಿನ ಆರಾಧನೆಯನ್ನು ರೆಕಾರ್ಡ್ ಮಾಡಿದ್ದ. ನನ್ನ ಸಾಕ್ಷಿಯನ್ನು ಮಾತ್ರ ಬೇರ್ಪಡಿಸಿ ನಲವತ್ತು ಕ್ಯಾಸೆಟ್ ಮಾಡಿದ. ಗಲ್ಫಿನವರ ಸುಖದುಃಖಗಳೆಲ್ಲ ಕ್ಯಾಸೆಟ್‌ಗಳಲ್ಲಿಯೇ ಓಡಾಡುವುದು. ಇವೂ ರುಸ್ತಾಕ್, ಬುರೈಮಿ, ದುಬೈ, ಊರಿಗೆ ಹೋದವು. "ಗುಣವಾದ ಸಾಕ್ಷಿ" ಎಂಬ ಹೆಸರಿನ ಕೆಳಗೆ ನನ್ನ ಹೆಸರಿತ್ತು. ರುಸ್ತಾಕ್ ಕ್ಯಾಂಪಿನಲ್ಲಿ ಬಡಗಿಗಳು ಅದನ್ನು ಹಾಕಿಕೊಂಡು ಊಟ ಮಾಡುತ್ತಿದ್ದರು. "ಎಂಥ ಸ್ವರ ಸರ್ ನಿಮ್ಮದು!" ಎನ್ನುತ್ತಿದ್ದರು. ನನಗೆ ಸಂತೋಷವಾಗುತ್ತಿತ್ತು. ಅದನ್ನೂ ಬರೆಯುತ್ತೇನೆ.

ಏಳು ತಿಂಗಳು ಕಳೆದವು.

ಈ ಏಳು ತಿಂಗಳಲ್ಲಿ ನಾನು ಒಮ್ಮೆಯೂ "ಗಂಟು ಹೇಗಿದೆ?" ಎಂದು ಕೇಳಲಿಲ್ಲ. ಕೇಳುವುದೇ ಅವಿಶ್ವಾಸ ಎಂದು ನಂಬಿದ್ದೆ. ಅವಳು ಬಟ್ಟೆ ಬದಲಿಸುವಾಗ ಬಚ್ಚಲಿನ ಬಾಗಿಲು ಹಾಕಿಕೊಳ್ಳತೊಡಗಿದ್ದು ಯಾವ ತಿಂಗಳಿನಿಂದ ಎಂಬುದು ನನಗೆ ನೆನಪಿಲ್ಲ. ಯಾವುದನ್ನೂ ಮರೆಯದ ನನಗೆ ಅದೊಂದು ನೆನಪಿಲ್ಲ.

ಕಂಡುಹಿಡಿದವರು ಮನೆಯೊಡತಿ ಬೀಬಿ ಝುವೈನಾ. ಅವರು ಒಮಾನಿ, ಹುಟ್ಟಿದ್ದು, ಬೆಳೆದದ್ದು ಜಾಂಜಿಬಾರಿನಲ್ಲಿ. ಆ ಕಟ್ಟಡದಲ್ಲಿ ಅವರೊಡನೆ ಸ್ವಾಹಿಲಿಯಲ್ಲಿ ಹರಟುವವಳು ಸುನಂದಾ ಒಬ್ಬಳೇ. ಇಬ್ಬರೂ ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಾ ಗಂಟೆಗಟ್ಟಲೆ ನಗುತ್ತಿದ್ದರು. ಆ ದಿನ ಬಟ್ಟೆ ಹರವಲು ಕೈ ಎತ್ತಿದ ಸುನಂದಾಳ ರವಿಕೆಯ ಮೇಲೆ ಬೀಬಿಗೆ ರಕ್ತದ ಕಲೆ ಕಂಡಿತು. ಕೈ ಹಿಡಿದು ಕೆಳಗೆ ಕರೆದುಕೊಂಡು ಹೋಗಿ, ಬಾಗಿಲು ಹಾಕಿ, ರವಿಕೆ ಬಿಚ್ಚಿಸಿ ನೋಡಿದರು.

"ಮ್ಬೋನಾ ಉಮೆಚೆಲೆವಾ, ಸುನಂದಾ?"

ಮುಂದೆ ಇದನ್ನು ನನಗೆ ಹೇಳುವಾಗ ಸುನಂದಾ ನಕ್ಕಳು. "ಆ ಹಳ್ಳಿಯ ಹೆಂಗಸರೆಲ್ಲ ಒಟ್ಟಾಗಿ ಬಂದು ನನ್ನನ್ನು ಕೇಳಿದ ಹಾಗಾಯ್ತು" ಎಂದಳು.

ಬೀಬಿ ನನ್ನನ್ನು ಕೇಳಲಿಲ್ಲ, ಕಾಯಲಿಲ್ಲ. "ಯಲ್ಲಾ, ನಡೆ" ಎಂದು ತಮ್ಮ ಮಗನ ಕಾರಿನಲ್ಲಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಮಧ್ಯಾಹ್ನ ಊಟಕ್ಕೆ ಬಂದ ನನಗೆ ಬೀಗ ಹಾಕಿದ ಬಾಗಿಲು ಎದುರಾಯಿತು. ನನ್ನನ್ನು ಕೇಳದೆ ಹೋಗಿದ್ದಾರೆಂದು ತಿಳಿದಾಗ ನನಗೆ ಬಂದದ್ದು ಸಿಟ್ಟು. ಭಯ ಟ್ಯಾಕ್ಸಿಯಲ್ಲಿ ಬಂತು.

ಅದೇ ಸುಡಾನಿನ ಡಾಕ್ಟರ್. ಹಳೆಯ ಫೈಲನ್ನು ಎದುರಿಗಿಟ್ಟುಕೊಂಡಿದ್ದರು. ಚರ್ಮ ಒಡೆದು ಹುಣ್ಣಾಗಿದೆ, ಕಂಕುಳಿನಲ್ಲಿ ಗಂಟುಗಳಿವೆ, ಸ್ಕ್ಯಾನ್ ಆಗಬೇಕು ಎಂದರು. ಬಳಿಕ ಪೆನ್ನು ಕೆಳಗಿಟ್ಟು ಸುನಂದಾಳನ್ನು ಇಂಗ್ಲಿಷಿನಲ್ಲಿ ಕೇಳಿದರು: "ಸಿಸ್ಟರ್, ನೀವು ನರ್ಸ್. ಬಯಾಪ್ಸಿಗೆ ಯಾಕೆ ಬರಲಿಲ್ಲ?"

"ಊರಿಗೆ ಹೋಗಿದ್ದೆ ಡಾಕ್ಟರ್" ಎಂದಳು ಸುನಂದಾ.

ಸುಳ್ಳು.

ನಾನು ಅವಳ ಕುರ್ಚಿಯ ಹಿಂದೆ ನಿಂತಿದ್ದೆ. ಅದನ್ನು ತಿದ್ದಲಿಲ್ಲ.

ಸ್ಕ್ಯಾನ್ ಲಿವರ್ ಮತ್ತು ಬೆನ್ನುಮೂಳೆಯಲ್ಲಿ ಕಲೆಗಳನ್ನು ತೋರಿಸಿತು. ಸರ್ಜರಿಯಿಂದ ಪ್ರಯೋಜನವಿಲ್ಲ. ರೇಡಿಯೇಷನ್ ಬೇಕಾದರೆ ಊರಿಗೆ ಹೋಗಬಹುದು. "ಹೋಗಿ ಏನಾದರೂ ಗುಣ ಉಂಟಾ?" ಎಂದು ಸುನಂದಾ ಕೇಳಿದಳು. ಡಾಕ್ಟರ್ ಕಿಟಕಿಯ ಕಡೆ ನೋಡಿದರು. "ಹಾಗಾದರೆ ಇಲ್ಲೇ ಇರ್ತೇನೆ" ಎಂದಳು. ಮಾತ್ರೆ ಕೊಟ್ಟರು. ಎರಡು ಸಲ ಕೀಮೋಥೆರಪಿ ಕೊಟ್ಟರು. ಮೂರನೆಯದನ್ನು ತಡೆಯುವಷ್ಟು ರಕ್ತ ಅವಳಲ್ಲಿರಲಿಲ್ಲ. ನಿಲ್ಲಿಸಿದರು.

ಮನೆಗೆ ಬಂದ ಮೊದಲ ಸಂಜೆ ನಾನು ಕೇಳಿದೆ, "ಡಾಕ್ಟರ ಹತ್ತಿರ ಯಾಕೆ ಸುಳ್ಳು ಹೇಳಿದೆ?"

"ನೀವು ಅಲ್ಲೇ ನಿಂತಿದ್ರಲ್ಲ" ಎಂದಳು.

"ನಿನಗೆ ವಿಶ್ವಾಸ ಇರಲಿಲ್ಲವೇ?"

"ದೇವರ ಮೇಲೆ ಇತ್ತು. ಈಗಲೂ ಉಂಟು. ಗಂಟು ಹೋಗಿದೆ ಅಂತ ಒಂದು ದಿನವೂ ಇರ್ಲಿಲ್ಲ. ಕೈಗೆ ಸಿಗ್ತಿತ್ತಲ್ಲ."

"ಮತ್ತೆ ಏಳು ತಿಂಗಳು ಯಾಕೆ ಸುಮ್ಮನಿದ್ದೆ?"

ಮಕ್ಕಳಿಗೆ ಹೇಳುವಷ್ಟು ಮೆತ್ತಗೆ ಹೇಳಿದಳು: "ಎಷ್ಟು ವರ್ಷ ಆದ ಮೇಲೆ ಮೈಕ್ ಸಿಕ್ಕಿತ್ತು ನಿಮಗೆ. ನಾನು ಆಸ್ಪತ್ರೆಗೆ ಹೋದರೆ ನಿಮ್ಮ ಮಾತು ಸುಳ್ಳಾಗ್ತಿತ್ತಲ್ಲ. ಆ ಡೇನಿಯಲ್ ನಿಮ್ಮನ್ನು ಮತ್ತೆ ಚಾಪೆ ಹಾಸ್ಲಿಕ್ಕೆ ಹಾಕ್ತಿದ್ದ."

ಏಳು ತಿಂಗಳು ಅವಳು ದೇವರಿಗಾಗಿ ಕಾದಿರಲಿಲ್ಲ.

ನನ್ನ ಮರ್ಯಾದೆ ಕಾದಿದ್ದಳು.

ಆ ಬಳಿಕದ ಐದು ತಿಂಗಳನ್ನು ನಾನು ಕ್ರಮವಾಗಿ ಬರೆಯಬಲ್ಲೆ. ಒಂದು ನೋಟ್ ಪುಸ್ತಕವನ್ನೇ ಇಟ್ಟಿದ್ದೆ. ಮಾತ್ರೆಯ ಹೊತ್ತು, ಜ್ವರ, ಕುಡಿದ ಗಂಜಿ. ಡ್ರೆಸ್ಸಿಂಗ್ ಮಾಡುವುದನ್ನು ಅವಳೇ ಕಲಿಸಿದಳು. ಮೊದಲು ಸಲೈನಿನಲ್ಲಿ ಹಳೆಯ ಗಾಜ್ ಬಟ್ಟೆ ನೆನೆಸಬೇಕು. ಒಣಗಿದ್ದನ್ನು ಎಳೆದರೆ ರಕ್ತ ಬರುತ್ತದೆ. ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿ ಮಾಡಿ ಉದುರಿಸಬೇಕು. "ನಿಮ್ಮ ಕೈ ಹಗುರ ಉಂಟು. ಇಷ್ಟು ಹಗುರ ಅಂತ ಗೊತ್ತಿದ್ದರೆ ಹಳ್ಳಿಯಲ್ಲಿ ಸ್ಟೋರಿನಲ್ಲಿ ಕೂತುಕೊಳ್ಳಲಿಕ್ಕೆ ಬಿಡ್ತಿರ್ಲಿಲ್ಲ" ಎನ್ನುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ನಾನು ನಗಬೇಕೆಂದು ಅವಳು ಕಾಯುತ್ತಿದ್ದಳು. ನಗುತ್ತಿದ್ದೆ.

ಕೆಲವು ಬೆಳಗುಗಳಲ್ಲಿ ನೋವು ಮಾತ್ರೆಗಿಂತ ಮೊದಲೇ ಏಳುತ್ತಿತ್ತು. ಆಗ ಅವಳು ಕೀರ್ತನೆ ಹೇಳುತ್ತಿರಲಿಲ್ಲ. ನಾನು ಹೇಳಲು ಹೊರಟರೆ ಕೈ ಎತ್ತಿ ತಡೆಯುತ್ತಿದ್ದಳು. "ಈಗ ಬೇಡ. ಈಗ ಮಾತ್ರೆ ಕೊಡಿ. ದೇವರು ಕಾಯ್ತಾನೆ, ಅವನಿಗೆ ಬೇರೆ ಕೆಲಸ ಇಲ್ಲ." ನನಗೆ ಅಂಥ ಮಾತು ಹೇಳುವ ಸಲುಗೆ ದೇವರೊಡನೆ ಎಂದೂ ಇರಲಿಲ್ಲ.

ಮನೆಯಲ್ಲಿ ವಾಸನೆ ಹೋಗುತ್ತಿರಲಿಲ್ಲ. ಬೀಬಿ ಝುವೈನಾ ಮಣ್ಣಿನ ಧೂಪಪಾತ್ರೆ ತಂದು, ಕೆಂಡದ ಮೇಲೆ ಲೋಬಾನ ಹಾಕಿ ಮಂಚದ ಬುಡದಲ್ಲಿಟ್ಟರು. ದಿನಕ್ಕೆ ಎರಡು ಸಲ ಬರುತ್ತಿದ್ದರು. ಒಂದು ದಿನ ಶಾಲಿನ ಮರೆಯಿಂದ ಏನನ್ನೋ ತೆಗೆದು ಸುನಂದಾಳ ಮಡಿಲಲ್ಲಿಟ್ಟರು.

ಕರಿಮರದ ತಾಯಿ ಮಗು.

ಕಸದ ಡ್ರಮ್ಮಿನಿಂದ ತೆಗೆದು, ತೊಳೆದು, ಎಣ್ಣೆ ಸವರಿ, ಅಷ್ಟೂ ತಿಂಗಳು ತಮ್ಮ ಮನೆಯಲ್ಲಿಟ್ಟಿದ್ದರು. "ಯೇ ಹಮಾರಾ ಆಫ್ರಿಕಾ ಹೈ. ಇಸ್ಕೋ ಕೌನ್ ಫೇಂಕಾ?" ಇದು ನಮ್ಮ ಆಫ್ರಿಕಾ, ಇದನ್ನು ಎಸೆದವರು ಯಾರು ಎಂದು ಹಿಂದಿಯಲ್ಲಿ ನನ್ನನ್ನೇ ಕೇಳಿದರು. ಯಾರು ಎಸೆದದ್ದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸುನಂದಾ ಅದರ ತಲೆ ಸವರುತ್ತಾ, "ಗಾಳಿಗೆ ಬಿದ್ದಿರಬೇಕು" ಎಂದಳು. ನನ್ನ ಸಲುವಾಗಿ ಅವಳು ಹೇಳಿದ ಎರಡನೆಯ ಸುಳ್ಳು.

ಕೂಟದಿಂದ ಬಂದವರನ್ನೂ ನಾನು ಬರೆದಿಟ್ಟಿದ್ದೇನೆ. ಅರವತ್ತರಲ್ಲಿ ಒಂಬತ್ತು ಮಂದಿ. ಪುಲಾವ್ ತಂದುಕೊಟ್ಟ ಒಬ್ಬ ಸಹೋದರಿ ಮರುದಿನವೇ ಪಾತ್ರೆ ಕೇಳಿ ಕಳುಹಿಸಿದರು. "ಗುಪ್ತ ಪಾಪ ಏನಾದರೂ ಉಂಟಾ ನೋಡಿ" ಎಂದು ಇನ್ನೊಬ್ಬರು ನರಳುತ್ತಿದ್ದವಳ ಕಿವಿಯಲ್ಲಿ ಹೇಳಿದರು. "ಉಂಟು ಅಕ್ಕ. ನಿಮ್ಮ ಪುಲಾವಿಗೆ ಉಪ್ಪು ಕಮ್ಮಿ ಅಂತ ಮನಸ್ಸಿನಲ್ಲಿ ಹೇಳಿದ್ದೆ" ಎಂದಳು ಸುನಂದಾ. ಆಕೆ ಪುಲಾವ್ ತಂದವರೇ ಅಲ್ಲ.

ಡೇನಿಯಲ್ ಎರಡನೆಯ ತಿಂಗಳಿನಲ್ಲಿ ಬಂದ. ಬಾಗಿಲಿನ ಹತ್ತಿರದ ಕುರ್ಚಿಯಲ್ಲಿ ಕುಳಿತ. ಧೂಪಪಾತ್ರೆಯನ್ನು ನೋಡಿದ.

"ಧೂಪ ಹಾಕ್ತೀರಾ ಬ್ರದರ್? ಇದು ನಮ್ಮ ಕ್ರಮ ಅಲ್ಲವಲ್ಲ."

"ಹೌದು" ಎಂದೆ. "ಸ್ವಲ್ಪ ಹತ್ತಿರ ಬಂದು ಕುಳಿತುಕೊಳ್ಳಿ. ವಾಸನೆ ಯಾವುದರದ್ದೆಂದು ತಿಳಿಯುತ್ತದೆ."

ಆತ ಕುರ್ಚಿ ಸರಿಸಲಿಲ್ಲ. "ವಿಶ್ವಾಸದಲ್ಲಿ ಎಲ್ಲೋ ಒಂದು ಬಿರುಕು ಬಿದ್ದಿದೆ. ಇಲ್ಲದಿದ್ದರೆ ಗುಣ ಆದದ್ದು ಮರಳಿ ಬರುವುದುಂಟಾ?" ಎಂದ.

"ಅದು ಹೋಗಿರಲೇ ಇಲ್ಲ. ನಾನು ಸುಳ್ಳು ಹೇಳಿದೆ. ಮುಂದಿನ ಶುಕ್ರವಾರ ಎರಡು ನಿಮಿಷ ಮೈಕ್ ಕೊಡಿ. ಅದನ್ನು ಹೇಳಬೇಕು" ಎಂದೆ.

ಆತ ಕೆಟ್ಟವನಲ್ಲ, ಹೆದರಿದ್ದ. "ಸಾಕ್ಷಿ ಹಿಂದೆ ತೆಗೆಯುವ ಕ್ರಮ ಇಲ್ಲ ಬ್ರದರ್. ದುರ್ಬಲರು ಎಡವುತ್ತಾರೆ."

"ಕ್ಯಾಸೆಟ್ ಕೇಳಿ ಯಾರಾದರೂ ಆಸ್ಪತ್ರೆಗೆ ಹೋಗದೆ ಉಳಿದರೆ?"

"ಅದು ಅವರವರ ವಿಶ್ವಾಸ" ಎಂದು ಎದ್ದ. ಪ್ರಾರ್ಥಿಸದೆ ಹೋದ.

ಆತ ಹೋದ ಮೇಲೆ ಸುನಂದಾ ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಿದ್ರೆ ಎಂದುಕೊಂಡಿದ್ದೆ. "ಟೇಪ್ ರೆಕಾರ್ಡರ್ ತನ್ನಿ" ಎಂದಳು. "ಮೈಕ್ ಅವನಲ್ಲಿ ಮಾತ್ರ ಇರುವುದಾ?"

ಊರಿಗೆ ಸ್ವರದ ಪತ್ರ ಕಳುಹಿಸುತ್ತಿದ್ದ ನಮ್ಮ ಹಳೆಯ ರೆಕಾರ್ಡರನ್ನು ಅವಳ ದಿಂಬಿನ ಬಳಿ ಇಟ್ಟೆ. ಮೊದಲು ನಾನು ಮಾತನಾಡಿದೆ. ಹನ್ನೊಂದು ನಿಮಿಷದ ಸುಳ್ಳನ್ನು ಹಿಂತೆಗೆದುಕೊಳ್ಳಲು ಎರಡು ನಿಮಿಷ ಸಾಕಾಯಿತು. ಬಳಿಕ ಅವಳು ಮಾತನಾಡಿದಳು. ಉಸಿರು ಎಳೆಯುವುದಕ್ಕಾಗಿ ನಡುನಡುವೆ ನಿಲ್ಲಿಸುತ್ತಿದ್ದಳು.

"ನಾನು ಸುನಂದಾ. ನನಗೆ ಗುಣ ಆಗಿಲ್ಲ. ಇನ್ನು ಆಗುವುದಿಲ್ಲ. ನಮ್ಮ ಇವರು ಒಳ್ಳೆಯ ಜನ. ಮೈಕ್ ಸಿಕ್ಕಿದರೆ ಮಾತ್ರ ಸ್ವಲ್ಪ ಜಾಸ್ತಿ ಆಗ್ತದೆ. ನಾನೂ ಬಾಯಿ ಮುಚ್ಚಿ ಕೂತದ್ದು ತಪ್ಪು. ನರ್ಸ್ ಆಗಿ ದೊಡ್ಡ ತಪ್ಪು. ಗಂಟು ಕಂಡರೆ ಪ್ರಾರ್ಥನೆ ಮಾಡಿ. ಮಾಡಿದ ಮೇಲೆ ಚಪ್ಪಲಿ ಹಾಕಿಕೊಂಡು ಆಸ್ಪತ್ರೆಗೆ ಹೋಗಿ. ಗುಣ ಆದರೆ ಡಾಕ್ಟರೇ ಹೇಳ್ತಾರೆ, ಆಗ ಬೇಕಾದರೆ ಸಾಕ್ಷಿ ಹೇಳಿ."

ಅಷ್ಟು ಹೇಳಿ ನನ್ನ ಕಡೆ ನೋಡಿ, "ಖಲಾಸ್. ಬಂದ್ ಮಾಡಿ" ಎಂದಳು. ಅದೂ ರೆಕಾರ್ಡ್ ಆಗಿದೆ.

ಮುಂದಿನ ಶುಕ್ರವಾರಗಳಲ್ಲಿ ಬೀಬಿಯನ್ನು ಅವಳ ಬಳಿ ಕೂರಿಸಿ ನಾನು ರುಸ್ತಾಕ್‌ಗೆ ಹೋದೆ. ಕ್ಯಾಂಪಿನಲ್ಲಿ ಹಳೆಯ ಕ್ಯಾಸೆಟ್‌ಗಳನ್ನು ಕೇಳಿ ಪಡೆದು, ಅವುಗಳ ಮೇಲೆಯೇ ಹೊಸ ಮಾತನ್ನು ತುಂಬಿಸಿ ಹಿಂದಿರುಗಿಸಿದೆ. ಕೆಲವರು ಕೊಡಲಿಲ್ಲ. "ಆ ಮಾತು ಕೇಳಿಯೇ ನನಗೆ ಧೈರ್ಯ ಬಂದದ್ದು ಸರ್, ಅದನ್ನು ಅಳಿಸಬೇಡಿ" ಎಂದು ಒಬ್ಬ ಬಡಗಿ ಕ್ಯಾಸೆಟ್ಟನ್ನು ಟ್ರಂಕಿನೊಳಗಿಟ್ಟು ಬೀಗ ಹಾಕಿದ. ಅವನಿಗೆ ನಾನು ಏನು ಹೇಳಬೇಕಿತ್ತು? ಇನ್ನು ಕೆಲವು ಕ್ಯಾಸೆಟ್‌ಗಳ ಮೇಲೆ ಈಗಾಗಲೇ ಯಕ್ಷಗಾನ ರೆಕಾರ್ಡ್ ಆಗಿತ್ತು. ಆ ಭಾಗವತರಿಗೆ ನಾನು ಋಣಿ. ನಲವತ್ತರಲ್ಲಿ ಹದಿನೇಳು ಸಿಕ್ಕವು.

ಐದನೆಯ ತಿಂಗಳಲ್ಲಿ ಕಾಲುಗಳ ಬಲ ಹೋಯಿತು. ಆಸ್ಪತ್ರೆಗೆ ಸೇರಿಸಿದೆವು. ಮಾರ್ಫಿನ್ ಆರಂಭವಾದ ಮೇಲೆ ಅವಳು ಹೆಚ್ಚಾಗಿ ಸ್ವಾಹಿಲಿಯಲ್ಲಿ ಮಾತನಾಡುತ್ತಿದ್ದಳು. ಯಾರಿಗೋ ಉಸಿರು ಬಿಗಿಹಿಡಿಯುವಂತೆ ಹೇಳುತ್ತಿದ್ದಳು, ಯಾರಿಗೋ ಬಿಸಿನೀರು ತರಲು ಹೇಳುತ್ತಿದ್ದಳು. ಡಾಕ್ಟರ್ ಒಂದು ದಿನ ಬಂದಾಗ ನಾನು ಎದ್ದು ನಿಂತು ಹೇಳಿದೆ: "ಡಾಕ್ಟರ್, ಅವಳು ಊರಿಗೆ ಹೋಗಿರಲಿಲ್ಲ. ನಾನು ತಡೆದೆ." "ನನಗೆ ಅಂದೇ ಗೊತ್ತಿತ್ತು" ಎಂದರು. ಕ್ಷಮಿಸಿದ್ದೇನೆ ಎಂಬ ಧ್ವನಿ ಅದರಲ್ಲಿರಲಿಲ್ಲ. ಇರಬೇಕೆಂದು ನಾನೂ ಬಯಸಲಿಲ್ಲ.

ಒಂದು ಗುರುವಾರ ಮಧ್ಯಾಹ್ನ, ಬೀಬಿ ಅವಳ ತುಟಿ ಒದ್ದೆ ಮಾಡುತ್ತಿದ್ದಾಗ, ಅವಳು ತೀರಿಕೊಂಡಳು. ನಾನು ಕಾರಿಡಾರಿನಲ್ಲಿ ಫಾರ್ಮ್ ತುಂಬುತ್ತಿದ್ದೆ.

ಅವಳನ್ನು ಇಲ್ಲಿಯ ಕ್ರೈಸ್ತರ ಸ್ಮಶಾನದಲ್ಲಿಯೇ ಹೂಳಿದೆವು. ಗುಡ್ಡಗಳ ನಡುವೆ ಒಂದು ಹುಲ್ಲೂ ಇಲ್ಲದ ಜಾಗ. ಕೂಟದವರು ಅಂದು ಪೂರ್ತಿಯಾಗಿ ಬಂದಿದ್ದರು. ಡೇನಿಯಲ್ ಪ್ರಾರ್ಥಿಸಿದ: "ಕರ್ತನೇ, ನಿನ್ನ ಮಗಳನ್ನು ಈಗ ಸಂಪೂರ್ಣವಾಗಿ ಗುಣಪಡಿಸಿದ್ದೀ."

"ಇಲ್ಲ" ಎಂದೆ.

ಗಟ್ಟಿಯಾಗಿಯೇ ಹೇಳಿದೆ. ಪ್ರಾರ್ಥನೆ ನಿಂತಿತು. ದೂರದಲ್ಲಿ ಕಪ್ಪು ಅಬಾಯ ತೊಟ್ಟು ನಿಂತಿದ್ದ ಬೀಬಿ ಝುವೈನಾ ತಲೆ ಎತ್ತಿ ನೋಡಿದರು. ಬಗ್ಗಿ ಮಣ್ಣು ಹಾಕಿದೆ.

ಇದಾಗಿ ನಾಲ್ಕು ತಿಂಗಳಾಯಿತು. ಕೂಟಕ್ಕೆ ಹೋಗುವುದನ್ನು ಬಿಟ್ಟಿದ್ದೇನೆ. ಪ್ರಾರ್ಥನೆಯನ್ನು ಬಿಟ್ಟಿಲ್ಲ, ಆದರೆ ಈಗ ಅದರಲ್ಲಿ ಬೇಡಿಕೆ ಇಲ್ಲ. ಬೆಳಿಗ್ಗೆ ಎದ್ದು ಸುಮ್ಮನೆ ಕುಳಿತುಕೊಳ್ಳುತ್ತೇನೆ. ಯಾರಾದರೂ ಕೇಳಿಸಿಕೊಳ್ಳುತ್ತಿದ್ದಾರೆಯೇ, ಗೊತ್ತಿಲ್ಲ. ಕೇಳಿಸಿಕೊಳ್ಳುವವನು ಇದ್ದರೆ, ಹೇಳಬೇಕಾದದ್ದನ್ನು ಸುನಂದಾ ಈಗಾಗಲೇ ನೇರವಾಗಿ ಹೇಳಿರುತ್ತಾಳೆ. ಲೋಬಾನದ ಪಾತ್ರೆಯನ್ನು ಬೀಬಿಗೆ ಹಿಂದಿರುಗಿಸಲು ಹೋದೆ, ತೆಗೆದುಕೊಳ್ಳಲಿಲ್ಲ. ಶುಕ್ರವಾರ ಅದರಲ್ಲಿ ಕೆಂಡ ಹಾಕುತ್ತೇನೆ. ನಮ್ಮ ಕ್ರಮವಲ್ಲ.

ಕಳೆದ ವಾರ ಬುರೈಮಿಯಿಂದ ಒಂದು ಪತ್ರ ಬಂತು. ಒಬ್ಬ ಟೈಲರನ ಹೆಂಡತಿ, ಕುಂದಾಪುರದ ಕಡೆಯವಳು. ನನಗೆ ಪರಿಚಯವಿಲ್ಲ. ಅವಳ ಬಳಿ ಮೊದಲ ಕ್ಯಾಸೆಟ್ ಇತ್ತಂತೆ. ಅದನ್ನು ಕೇಳಿ, ಗರ್ಭಕೋಶದ ರಕ್ತಸ್ರಾವಕ್ಕೆ ಡಾಕ್ಟರನ್ನು ಕಾಣದೆ ಎರಡು ತಿಂಗಳು ಪ್ರಾರ್ಥಿಸುತ್ತಿದ್ದಳಂತೆ. ರುಸ್ತಾಕ್‌ನಿಂದ ಯಾರೋ ಎರಡನೆಯದನ್ನು ತಲುಪಿಸಿದರು. "ಅಮ್ಮನವರ ಸ್ವರ ಕೇಳಿ ಮರುದಿನವೇ ಹೋದೆ. ಪರೀಕ್ಷೆಗೆ ತೆಗೆದಿದ್ದಾರೆ. ರಿಪೋರ್ಟ್ ಬಂದಿಲ್ಲ" ಎಂದು ಬರೆದಿದ್ದಾಳೆ. ಅಷ್ಟೇ. ಮುಂದೇನೆಂದು ನನಗೆ ತಿಳಿಯದು. ಎರಡು ತಿಂಗಳು ಎಂದರೆ ತಡವೇ, ಅಲ್ಲವೇ ಎಂಬುದನ್ನೂ ಹೇಳಲಾರೆ. ಬಲ್ಲವಳು ಈಗ ಇಲ್ಲ. ಪತ್ರವನ್ನು ಹಳದಿ ಕಾರ್ಡಿನ ಜೊತೆ ಅವಳ ಬೈಬಲಿನಲ್ಲಿಟ್ಟಿದ್ದೇನೆ. ಬಹಳ ತಿಂಗಳ ಬಳಿಕ ಅಂದು ಪೂರ್ತಿ ಊಟ ಮಾಡಿದೆ.

ಉಳಿದ ಇಪ್ಪತ್ತಮೂರು ಕ್ಯಾಸೆಟ್‌ಗಳಲ್ಲಿ ಯಕ್ಷಗಾನಕ್ಕೆ ಹೋದವನ್ನು ಬಿಟ್ಟರೂ ಹದಿನೆಂಟು ಇನ್ನೂ ಎಲ್ಲೋ ಓಡಾಡುತ್ತಿವೆ. ಅವುಗಳಲ್ಲಿ ನನ್ನ ಸ್ವರ ಗಂಟು ಇಲ್ಲದೇ ಹೋಯಿತು ಎಂದು ಹೇಳುತ್ತಲೇ ಇದೆ. ಈ ಬರಹ ಅವುಗಳಿಗಾಗಿ. ಕ್ಯಾಸೆಟ್ ಯಾರ ಮನೆಯಲ್ಲಿದೆಯೋ ಅವರು ಅದನ್ನು ನನಗೆ ಕಳುಹಿಸಬೇಕಾಗಿಲ್ಲ. ಅದರ ಮೇಲೆ ಹಾಡು ತುಂಬಿಸಿಕೊಳ್ಳಿ, ಮಕ್ಕಳ ಮಾತು ತುಂಬಿಸಿಕೊಳ್ಳಿ.

ಗಂಟು ಇತ್ತು. ಅವಳು ಹೇಳಿದ್ದು "ಸ್ವಲ್ಪ ಸಣ್ಣ ಆದ ಹಾಗೆ ಕಾಣ್ತದೆ" ಎಂದು ಮಾತ್ರ.